ಮದುವೆ ಮನೆಯಲ್ಲಿ ಉಳಿದ ಊಟ ಹಸಿದವರಿಗೆ ಮುಟ್ಟಿಸುವುದು ಹೇಗೆ?

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು 2012ರಲ್ಲಿ ನಗರದ ಕಲ್ಯಾಣ ಮಂಟಪಗಳನ್ನು ಸುತ್ತಿ ಒಂದು ಲೆಕ್ಕ ಕೊಟ್ಟಿದ್ದರು. ಮದುವೆಗಳಲ್ಲೇ ವರ್ಷಕ್ಕೆ 943 ಟನ್ ಊಟ ಹಾಳಾಗುತ್ತದೆ ಅಂತ. ಅದೇ ಛತ್ರದಿಂದ ಎರಡು ರಸ್ತೆ ಆಚೆ, ಕಟ್ಟಡ ಕೆಲಸದವರ ಶೆಡ್ಡಿನಲ್ಲಿ ಮಕ್ಕಳು ಬರೀ ಟೀ, ಬನ್ ತಿಂದು ಮಲಗಿರುತ್ತಾರೆ. ಇವೆರಡನ್ನೂ ಜೋಡಿಸುವುದು ನಾಲ್ಕೈದು ಜನ ಸೇರಿದರೆ ಆಗುವ ಕೆಲಸ.

ಮುಖ್ಯವಾದದ್ದು ಟೈಮು. ಉಳಿದ ಊಟ ಹಂಚುವ ನಮ್ಮ ತಂಡಕ್ಕೆ ಮೊದಲ ಸಲ ಫೋನ್ ಬಂದಿದ್ದು ಸಂಜೆ ನಾಲ್ಕೂವರೆಗೆ. ಹೋಗಿ ಕೊಳಗದ ಮುಚ್ಚಳ ತೆಗೆದರೆ ಅನ್ನ ಬೆವೆತು ಹುಳಿ ವಾಸನೆ ಬರುತ್ತಿತ್ತು. ಇನ್ನೂರು ಜನರ ಊಟ, ಪೂರ್ತಿ ಚೆಲ್ಲಬೇಕಾಯಿತು. ಅವತ್ತಿನಿಂದ ಊಟ ಮುಗಿದ ಮೇಲೆ ಬರುವ ಫೋನಿಗೆ ಕಾಯುವುದನ್ನು ಬಿಟ್ಟೆವು. ಮದುವೆಗೆ ಎರಡು ದಿನ ಮುಂಚೆಯೇ ಮನೆಯವರ ಜೊತೆ ಮಾತಾಡಿ. ಅದಕ್ಕಿಂತ ಮುಖ್ಯವಾಗಿ ಅಡುಗೆ ಭಟ್ಟರ ಹತ್ತಿರ ಮಾತಾಡಿ, ಯಾಕೆಂದರೆ ಎಷ್ಟು ಉಳಿಯುತ್ತದೆ ಅನ್ನುವುದು ಎರಡನೇ ಪಂಕ್ತಿ ಏಳುವ ಹೊತ್ತಿಗೇ ಅವರಿಗೆ ಗೊತ್ತಾಗಿರುತ್ತದೆ, ಮನೆಯವರಿಗೆ ಆ ಗಡಿಬಿಡಿಯಲ್ಲಿ ಏನೂ ಗೊತ್ತಾಗುವುದಿಲ್ಲ.

ಅಡುಗೆ ಮನೆಯಿಂದ ಹೊರಗೇ ಬಾರದ ಪಾತ್ರೆಯ ಊಟ ಮಾತ್ರ ತೆಗೆದುಕೊಳ್ಳಿ. ಎಲೆ ಮೇಲೆ ಬಿದ್ದದ್ದು, ಬಡಿಸುವ ಬಕೆಟ್ಟಿನಲ್ಲಿ ಉಳಿದದ್ದು ಬೇಡ. ಅನ್ನ, ಸಾರು, ಪಲಾವ್, ಚಪಾತಿ, ಹೋಳಿಗೆ ಸರಿ. ಕಾಯಿ ಚಟ್ನಿ, ಕೋಸಂಬರಿ, ಮೊಸರನ್ನ, ಹಾಲಿನ ಪಾಯಸ ಎಷ್ಟೇ ಚೆನ್ನಾಗಿ ಕಂಡರೂ ಬಿಟ್ಟುಬಿಡಿ, ಬೇಗ ಕೆಡುವುದು ಇವೇ. ಬಿಸಿ ಅಡುಗೆ 60 ಡಿಗ್ರಿಗಿಂತ ಮೇಲೇ ಇರಬೇಕು, ಮುಚ್ಚಳ ತೆಗೆದರೆ ಕೊನೇ ಪಕ್ಷ ಹಬೆಯಾದರೂ ಏಳಬೇಕು. ಆರಿದ ಊಟ ಹೊರಗಿದ್ದು ಎರಡು ಗಂಟೆ ದಾಟಿದರೆ ನಾವಂತೂ ಮುಟ್ಟುವುದಿಲ್ಲ. ಸ್ಟೀಲ್ ಕ್ಯಾನ್, ಹಾಟ್ ಬಾಕ್ಸ್ ನೀವೇ ಒಯ್ಯಿರಿ. ಹಂಚುವ ಮುಂಚೆ ನಿಮ್ಮಲ್ಲೊಬ್ಬರು ಒಂದು ತುತ್ತು ತಿಂದು ನೋಡಿ. ನಮಗೆ ತಿನ್ನೋಕೆ ಆಗದ್ದನ್ನು ಇನ್ನೊಬ್ಬರಿಗೆ ಕೊಡಬಾರದು, ಅಲ್ವಾ?

ಕ್ಯಾನ್ ತುಂಬಿಕೊಂಡು ಸುಮ್ನೆ ಊರು ಸುತ್ತಬೇಡಿ. ಶೆಡ್ಡಿನ ಮೇಸ್ತ್ರಿಗೆ ಮೊದಲೇ ಫೋನ್ ಮಾಡಿ, ಎಷ್ಟು ಜನ ಇದ್ದಾರೆ, ಇವತ್ತಿನ ಅಡುಗೆ ಆಗಿಬಿಟ್ಟಿದೆಯಾ ಅಂತ ಕೇಳಿ. ಆರತಕ್ಷತೆ ಊಟ ಮುಗಿಯುವಾಗ ರಾತ್ರಿ ಹನ್ನೊಂದಾಗಿರುತ್ತದೆ, ಮಕ್ಕಳೆಲ್ಲ ನಿದ್ದೆ. ಆ ಹೊತ್ತಿಗೆ ಎಚ್ಚರ ಇರುವುದು ದೊಡ್ಡಾಸ್ಪತ್ರೆಗಳ ಹೊರಗೆ ರೋಗಿಗಳ ಜೊತೆ ಬಂದು ಫುಟ್‌ಪಾತ್ ಮೇಲೆ ಕೂತಿರುವವರು.

ಇದನ್ನೇ ವಾರವಾರ ಮಾಡುವುದಾದರೆ ಕಾನೂನೂ ನೋಡಿಕೊಳ್ಳಿ. ಉಳಿದ ಊಟ ಹಂಚುವುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ನಿಯಮ ತಂದಿದೆ, ಹಂಚುವ ಸಂಸ್ಥೆ ನೋಂದಣಿ ಆಗಿರಬೇಕು. ಅಷ್ಟೆಲ್ಲ ಓಡಾಟ ಕಷ್ಟ ಅನ್ನಿಸಿದರೆ ಈಗಾಗಲೇ ಕೆಲಸ ಮಾಡುತ್ತಿರುವ ತಂಡದ ಜೊತೆ ಸೇರಿಕೊಳ್ಳಿ. 2014ರಲ್ಲಿ ದೆಹಲಿಯಲ್ಲಿ ಶುರುವಾದ ರಾಬಿನ್ ಹುಡ್ ಆರ್ಮಿ ಅಂಥದ್ದು, ಅವರು ದುಡ್ಡು ಕೇಳುವುದಿಲ್ಲ, ನಿಮ್ಮ ಸಮಯ ಕೇಳುತ್ತಾರೆ.

ಬಡಿಸುವಾಗ ಫೋಟೋ ಬೇಡ. ಪಂಕ್ತಿಯಲ್ಲಿ ನೆಂಟರನ್ನು ಕೇಳುವ ಹಾಗೆ "ಇನ್ನೊಂದು ಸೌಟು ಹಾಕಲಾ?" ಅಂತ ಕೇಳಿ ಹಾಕಿ. ಕ್ಯಾನುಗಳನ್ನು ಅದೇ ರಾತ್ರಿ ಬಿಸಿನೀರಲ್ಲಿ ತೊಳೆದು ಬೋರಲು ಹಾಕಿಡಿ. ವೈಶಾಖದಲ್ಲಿ ಮುಹೂರ್ತಗಳು ಒತ್ತೊತ್ತಾಗಿ ಬರುತ್ತವೆ, ಬೆಳಗ್ಗೆಯೇ ಮತ್ತೆ ಬೇಕಾಗಬಹುದು.