ಮನೆ ವಿಡಿಯೊ ಡಿವಿಡಿಗೆ ಹಾಕುವಾಗ ಚಿತ್ರ ಕೆಡದಿರಲು ನಾನು ಮಾಡುವುದು

ಡಿಸ್ಕ್ ಬರೆಯುವ ಹೊತ್ತಿಗೆ ಚಿತ್ರದ ಹಣೆಬರಹ ತೀರ್ಮಾನವಾಗಿಬಿಟ್ಟಿರುತ್ತದೆ. ಕೆಡುವುದೆಲ್ಲ ಅದಕ್ಕೆ ಮೊದಲು, ಅಂದರೆ ಕ್ಯಾಸೆಟ್‌ನಿಂದ ತೆಗೆಯುವಾಗ, ಸೈಜ್ ಇಳಿಸುವಾಗ ಮತ್ತು ಎಂಪೆಗ್-2 (ಡಿವಿಡಿಗೆ ಬೇಕಾದ, ಒತ್ತಿ ಚಿಕ್ಕದು ಮಾಡಿದ ವಿಡಿಯೊ ರೂಪ) ಮಾಡುವಾಗ. ಹಾಗಾಗಿ ದುಬಾರಿ ಡಿವಿಡಿ ರೈಟರ್ ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ.

ಮೊದಲು ಲೆಕ್ಕ. 4.7 ಜಿಬಿ ಡಿಸ್ಕ್ ಅಂದರೆ ಸುಮಾರು 37,600 ಮೆಗಾಬಿಟ್. ಕಂಪ್ಯೂಟರ್ ಇದನ್ನೇ 4.38 ಜಿಬಿ ಎಂದು ತೋರಿಸುತ್ತದೆ, ಗಾಬರಿ ಬೇಡ. 90 ನಿಮಿಷದ ಮದುವೆಗೆ ಇದನ್ನು 5,400 ಸೆಕೆಂಡಿಗೆ ಹಂಚಿದರೆ ಸೆಕೆಂಡಿಗೆ 6,960 ಕಿಲೋಬಿಟ್ ಚಿಲ್ಲರೆ. ಧ್ವನಿಗೆ ಎಸಿ-3 ಎಂಬ ಒತ್ತಿದ ರೂಪದಲ್ಲಿ 224 ಕಳೆದು, ಮೆನುಗೆ ಮತ್ತು ಮಕ್ಸಿಂಗ್‌ಗೆ (ಚಿತ್ರ, ಧ್ವನಿ ಒಂದೇ ಫೈಲಿಗೆ ಹೆಣೆಯುವುದಕ್ಕೆ) ಶೇಕಡಾ 4–5 ಬಿಟ್ಟರೆ ಚಿತ್ರಕ್ಕೆ ಸಿಗುವುದು 6,400. ಅದೇ ಎರಡು ಗಂಟೆ ತುರುಕಿದರೆ 4,800ಕ್ಕೆ ಇಳಿಯುತ್ತದೆ. ಒಂದು ಗಂಟೆಯದಾದರೆ ಸರಾಸರಿ 8,000 ಇಡುತ್ತೇನೆ, ಗರಿಷ್ಠ 9,000ಕ್ಕೆ ಮೀರಿಸುವುದಿಲ್ಲ. ನಿಯಮದ ಪ್ರಕಾರ ಚಿತ್ರಕ್ಕೆ 9,800 ತನಕ ಅವಕಾಶವಿದೆ. ಆದರೆ ಮನೆಯಲ್ಲಿ ಬರೆದ ಡಿಸ್ಕ್‌ನಲ್ಲಿ ಅಷ್ಟು ಹಾಕಿದರೆ ಹಳೆ ಪ್ಲೇಯರ್‌ಗಳು ತಡವರಿಸುತ್ತವೆ. ಧ್ವನಿಯನ್ನು ಪಿಸಿಎಂನಲ್ಲಿ, ಅಂದರೆ ಒತ್ತದೆ ಇದ್ದಂತೆಯೇ ಬಿಡುವವರಿದ್ದಾರೆ. ಅದೊಂದೇ 1,536 ಕಿಲೋಬಿಟ್ ನುಂಗುತ್ತದೆ, ನಾದಸ್ವರದ ಕ್ಯಾಮೆರಾ ಮೈಕ್ ರೆಕಾರ್ಡಿಂಗ್‌ಗೆ ಅಷ್ಟು ಖರ್ಚು ದಂಡ.

ಎನ್‌ಕೋಡಿಂಗ್ (ಎಂಪೆಗ್-2ಗೆ ಬದಲಿಸುವುದು) ಯಾವಾಗಲೂ ಎರಡು ಪಾಸ್, ವೇರಿಯೆಬಲ್ ಬಿಟ್‌ರೇಟ್. ಅಂದರೆ ಮೊದಲ ಸಲ ವಿಡಿಯೊ ಪೂರ್ತಿ ಅಳೆದು, ಎರಡನೇ ಸಲ ಕಷ್ಟದ ದೃಶ್ಯಕ್ಕೆ ಹೆಚ್ಚು ಬಿಟ್, ಸುಲಭದ್ದಕ್ಕೆ ಕಡಿಮೆ ಕೊಡುವುದು. ಎಚ್‌ಸಿಎನ್‌ಕ್ ಅಥವಾ ಎಫ್‌ಎಫ್‌ಎಂಪೆಗ್ ಎಂಬ ಸಾಫ್ಟ್‌ವೇರ್ ಸಾಕು, ಎರಡೂ ಉಚಿತ.

ನಮ್ಮ ಕಡೆಯ ವಿಡಿಯೊಗಳಿಗೆ ಒಂದು ವಿಶೇಷ ಕಷ್ಟವಿದೆ. ಸಕಲೇಶಪುರ, ಮೂಡಿಗೆರೆ ಕಡೆ ತೋಟದಲ್ಲಿ ತೆಗೆದ ವಿಡಿಯೊದಲ್ಲಿ ಸಾವಿರಾರು ಎಲೆ ಅಲುಗುತ್ತಿರುತ್ತವೆ, ಮೇಲೆ ಮಳೆಯ ಗೆರೆ, ಹಿಂದೆ ಹಳ್ಳದ ನೀರು. ಎಂಪೆಗ್-2 ಉಳಿತಾಯ ಮಾಡುವುದೇ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಬದಲಾಗದ ಭಾಗವನ್ನು ಮತ್ತೆ ಬರೆಯದೆ. ಇಲ್ಲಿ ಬದಲಾಗದ ಭಾಗವೇ ಇರುವುದಿಲ್ಲ, ಚೌಕ ಚೌಕ ಒಡೆಯುತ್ತದೆ. ಹಾಸನಾಂಬ ಜಾತ್ರೆಯ ರಾತ್ರಿ ದೀಪಾಲಂಕಾರದ ವಿಡಿಯೊಗಳದೂ ಇದೇ ಪಾಡು. ಕತ್ತಲಲ್ಲಿ ಕ್ಯಾಮೆರಾ ಗೇನ್ (ಬೆಳಕಿನ ಸಂಕೇತವನ್ನು ಹಿಗ್ಗಿಸುವುದು) ಏರಿಸಿ, ಆಕಾಶವೆಲ್ಲ ಕಾಳು ಕಾಳಾಗಿರುತ್ತದೆ. ಎನ್‌ಕೋಡರ್‌ಗೆ ಕಾಳು ಯಾವುದು, ವಿವರ ಯಾವುದು ಗೊತ್ತಿಲ್ಲ, ಎರಡಕ್ಕೂ ಬಿಟ್ ಸುರಿಯುತ್ತದೆ. ಆದ್ದರಿಂದ ಎನ್‌ಕೋಡ್‌ಗೆ ಮೊದಲು ಹಗುರವಾದ ಡಿನಾಯ್ಸ್ (ಕಾಳು ಅಳಿಸುವ ಫಿಲ್ಟರ್) ಹಾಕಲೇಬೇಕು. ಜಾಸ್ತಿ ಹಾಕಿದರೆ ಮುಖಗಳು ಮೇಣದ ಗೊಂಬೆಯಾಗುತ್ತವೆ. ರೇಷ್ಮೆ ಸೀರೆಯ ಅಂಚಿನ ನೇಯ್ಗೆ ಮಾಯವಾಗತೊಡಗಿದರೆ ಫಿಲ್ಟರ್ ಇಳಿಸಿ. ಅಲುಗಾಡುವ ಕೈಯ ಶಾಟ್‌ಗಳನ್ನು ಎಡಿಟಿಂಗ್‌ನಲ್ಲೇ ಕತ್ತರಿಸುವುದು ಎಲ್ಲಕ್ಕಿಂತ ಒಳ್ಳೆಯ ಫಿಲ್ಟರ್.

ವಿಎಚ್‌ಎಸ್ ಕ್ಯಾಸೆಟ್ ಆದರೆ ಮೊದಲು ಅದರ ಕಿಟಕಿಯಿಂದ ಟಾರ್ಚ್ ಬಿಟ್ಟು ನೋಡಬೇಕು. ಮಲೆನಾಡಿನ ಮಳೆಗಾಲ ಕಂಡ ಟೇಪಿನ ಸುರುಳಿಯ ಅಂಚಿಗೆ ಬಿಳಿ ಪುಡಿ ಕೂತಿದ್ದರೆ ಅದು ಬೂಷ್ಟು. ಹಾಗೇ ವಿಸಿಆರ್‌ಗೆ ಹಾಕಿದರೆ ಹೆಡ್ ಕಟ್ಟಿಕೊಳ್ಳುತ್ತದೆ, ಮುಂದಿನ ಕ್ಯಾಸೆಟ್‌ಗೂ ಅಂಟುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಕೆಲವು ದಿನ ಒಣಗಿಸಿ, ಹೋದರೂ ಪರವಾಗಿಲ್ಲ ಎನ್ನುವಂಥ ಹಳೆ ವಿಸಿಆರ್‌ನಲ್ಲಿ ಒಮ್ಮೆ ಸುತ್ತಿಸಿ, ಆಮೇಲೆ ಒಳ್ಳೆಯ ಯಂತ್ರಕ್ಕೆ ಹಾಕುತ್ತೇನೆ. ಕ್ಯಾಪ್ಚರ್ ಮಾಡುವಾಗ ನೇರ ಎಂಪೆಗ್ ಬೇಡ. ಹಫ್‌ವೈಯುವಿ ಎಂಬ, ಚಿತ್ರದ ಗುಣ ಕಳೆಯದ ರೂಪದಲ್ಲಿ 720×576ಕ್ಕೆ ತೆಗೆದರೆ ಗಂಟೆಗೆ 30–40 ಜಿಬಿ ಆಗುತ್ತದೆ, ಕೆಲಸ ಮುಗಿಯುವ ತನಕ ತಾನೆ. ಚಿತ್ರದ ಅಡಿಯಲ್ಲಿ ಹರಿದಂತೆ ಕಾಣುವ ಪಟ್ಟಿ ಹೆಡ್ ಬದಲಾಗುವ ಗದ್ದಲ. ಅದನ್ನು ಕತ್ತರಿಸಿ ಚಿತ್ರ ಹಿಗ್ಗಿಸಬೇಡಿ. ಕೆಳಗಿನ 16 ಗೆರೆ ಕಪ್ಪು ಮಾಡಿ ಮುಚ್ಚಿ. ಎಂಪೆಗ್-2 ಚಿತ್ರವನ್ನು 16×16 ಚೌಕಗಳಾಗಿ ಒಡೆಯುವುದರಿಂದ ಒಂದು ಸಾಲು ಪೂರ್ತಿ ಕಪ್ಪಾಗಿ, ಅಲ್ಲಿನ ಬಿಟ್ ಉಳಿಯುತ್ತದೆ.

ಅತಿ ಹೆಚ್ಚು ಡಿಸ್ಕ್ ಹಾಳಾಗುವುದು ಫೀಲ್ಡ್ ಆರ್ಡರ್‌ನಲ್ಲಿ. ಇಂಟರ್‌ಲೇಸ್ ವಿಡಿಯೊದಲ್ಲಿ ಪ್ರತಿ ಫ್ರೇಮ್ ಬೆಸ ಗೆರೆಗಳದೊಂದು, ಸರಿ ಗೆರೆಗಳದೊಂದು ಹೀಗೆ ಎರಡು ಅರ್ಧಚಿತ್ರ, ಅಂದರೆ ಫೀಲ್ಡ್; ಯಾವುದು ಮೊದಲು ಎಂಬುದೇ ಫೀಲ್ಡ್ ಆರ್ಡರ್. ಮಿನಿ ಡಿವಿ ಕ್ಯಾಮೆರಾದ್ದು ಕೆಳ ಫೀಲ್ಡ್ ಮೊದಲು, ಇಂಟರ್‌ಲೇಸ್ ಇರುವ ಎಚ್‌ಡಿ ಕ್ಯಾಮೆರಾದ್ದು ಮೇಲಿನ ಫೀಲ್ಡ್ ಮೊದಲು. ತಪ್ಪು ಹೇಳಿದರೆ ಮಾಲೆ ಹಾಕುವ ಕೈ ಟಿವಿಯಲ್ಲಿ ಹಿಂದೆ ಮುಂದೆ ನಡುಗುತ್ತದೆ. ಕಂಪ್ಯೂಟರ್ ಪ್ಲೇಯರ್ ಡಿಇಂಟರ್‌ಲೇಸ್ ಮಾಡಿಯೇ (ಫೀಲ್ಡ್‌ಗಳಿಂದ ಪೂರ್ಣ ಫ್ರೇಮ್ ಕಟ್ಟಿ) ತೋರಿಸುವುದರಿಂದ ಅಲ್ಲಿ ಇದು ಕಣ್ಣಿಗೆ ಬೀಳದೆ ಹೋಗಬಹುದು. ಒಂದು ನಿಮಿಷದ ಓಡಾಟದ ದೃಶ್ಯವನ್ನು ಆರ್‌ಡಬ್ಲ್ಯೂ (ಅಳಿಸಿ ಮತ್ತೆ ಬರೆಯಬಹುದಾದ) ಡಿಸ್ಕ್‌ಗೆ ಬರೆದು ಟಿವಿಯಲ್ಲೇ ನೋಡಿ. ಇಂಟರ್‌ಲೇಸ್ ಎಚ್‌ಡಿಯನ್ನು ನೇರವಾಗಿ 576 ಗೆರೆಗೆ ಕುಗ್ಗಿಸಿದರೆ ಎರಡು ಫೀಲ್ಡ್ ಬೆರೆತು ರಾಡಿಯಾಗುತ್ತದೆ. ಮೊದಲು ಸೆಕೆಂಡಿಗೆ 50 ಪೂರ್ಣ ಫ್ರೇಮ್ ಮಾಡಿ, ಆಮೇಲೆ ಕುಗ್ಗಿಸಿ, ಕೊನೆಗೆ ಮತ್ತೆ ಇಂಟರ್‌ಲೇಸ್. ನಿಧಾನ, ಆದರೆ ಬೇರೆ ದಾರಿ ಇಲ್ಲ.

ಮೊಬೈಲ್ ವಿಡಿಯೊ ಇನ್ನೊಂದು ತಲೆನೋವು. ಅದು ಸಾಮಾನ್ಯವಾಗಿ 30 ಫ್ರೇಮ್, ಅದೂ ಒಂದೇ ಸಮ ಇರುವುದಿಲ್ಲ. ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ (ಒಂದೇ ಸಮನಾದ ಫ್ರೇಮ್ ವೇಗ) ಮಾಡದಿದ್ದರೆ ಮಾತು ಬೇರೆ, ತುಟಿ ಬೇರೆ ಆಗುತ್ತದೆ. ಅದನ್ನು ನಮ್ಮ ಟಿವಿ ಪದ್ಧತಿಯಾದ 25 ಫ್ರೇಮಿನ ಪಾಲ್‌ಗೆ ಇಳಿಸಿದರೆ ಕ್ಯಾಮೆರಾ ತಿರುಗಿದಾಗಲೆಲ್ಲ ಜರ್ಕ್. ಪೂರ್ತಿ ಮೊಬೈಲ್ ವಿಡಿಯೊ ಇದ್ದರೆ ನಾನು ಎನ್‌ಟಿಎಸ್‌ಸಿ (ಅಮೆರಿಕದ, ಸುಮಾರು 30 ಫ್ರೇಮಿನ ಪದ್ಧತಿ) ಡಿಸ್ಕ್ ಮಾಡುತ್ತೇನೆ, 720×480. ಇಲ್ಲಿನ ಹೆಚ್ಚಿನ ಪ್ಲೇಯರ್‌ಗಳು ಅದನ್ನೂ ಓಡಿಸುತ್ತವೆ.

ಎಚ್‌ಡಿಯಿಂದ ಬಂದಾಗ ಬಣ್ಣವನ್ನೂ ಪರಿವರ್ತಿಸಬೇಕು. ಎಚ್‌ಡಿಯ ಬಣ್ಣದ ಲೆಕ್ಕ 709 ಎಂಬ ಮಾನದಂಡದ್ದು, ಡಿವಿಡಿಯದು 601ರದ್ದು. ಬಿಟ್ಟರೆ ಕುಂಕುಮದ ಕೆಂಪೂ ತೋಟದ ಹಸಿರೂ ಮೂಲದಂತಿರುವುದಿಲ್ಲ. ಅಗಲ ಚಿತ್ರವಾದರೆ 16:9 ಎಂದು ಗುರುತು ಹಾಕಲು ಮರೆಯಬೇಡಿ, ಇಲ್ಲದಿದ್ದರೆ ಮದುಮಕ್ಕಳು ಸಣಕಲು.

ಇನ್ನು ಬರೆಯುವುದು. 16 ಎಕ್ಸ್ ಡಿಸ್ಕ್ ಅನ್ನು 8 ಎಕ್ಸ್‌ನಲ್ಲಿ ಬರೆಯುತ್ತೇನೆ. ಕಡಿಮೆ ಮಾಡಿದಷ್ಟೂ ಒಳ್ಳೆಯದು ಎಂಬುದು ನಂಬಿಕೆಯಷ್ಟೇ, ಆ ಡಿಸ್ಕ್‌ನ ಬಣ್ಣದ ಪದರ ತೀರಾ ನಿಧಾನಕ್ಕೆ ತಯಾರಾದದ್ದಲ್ಲ. ಹಳೆ ಪ್ಲೇಯರ್‌ಗೆ ಡಿವಿಡಿ-ಆರ್ ವಾಸಿ. ಇಮ್ಗ್‌ಬರ್ನ್ ಎಂಬ ಡಿಸ್ಕ್ ಬರೆಯುವ ಸಾಫ್ಟ್‌ವೇರ್‌ನಲ್ಲಿ ವೆರಿಫೈ ಟಿಕ್ ಮಾಡಿ, ಯುಪಿಎಸ್ ಇಲ್ಲದೆ ಕೂರಬೇಡಿ, ಕರೆಂಟ್ ಹೋದರೆ ಆ ಡಿಸ್ಕ್ ಹೋದಂತೆ. ಮೇಲೆ ಕಾಗದದ ಸ್ಟಿಕರ್ ಬೇಡ, ತೇವಕ್ಕೆ ಎದ್ದು ತೂಕ ತಪ್ಪಿ ಡಿಸ್ಕ್ ಒದರಾಡುತ್ತದೆ. ಐಎಸ್‌ಒ ಫೈಲ್ (ಇಡೀ ಡಿಸ್ಕ್‌ನ ನಕಲು) ಮತ್ತು ಮೂಲ ಎಚ್‌ಡಿ ಎರಡನ್ನೂ ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟುಕೊಳ್ಳುತ್ತೇನೆ, ಡಿಸ್ಕ್ ಗೀಚಿಕೊಂಡು ವಾಪಸ್ ಬಂದಾಗ ಮತ್ತೆ ಎನ್‌ಕೋಡ್ ಮಾಡುವ ಗೋಜಿಲ್ಲ.