ಮೊಣಕಾಲುದ್ದ ನೀರಿಗೆ ಜೆಟ್ ದೋಣಿ: ನನ್ನ ಅನುಭವ

ದೋಣಿಗೆ ಜೆಟ್ (ಪ್ರೊಪೆಲರ್ ಬದಲು ತಳದಿಂದ ನೀರು ಹೀರಿ ಹಿಂದಕ್ಕೆ ಚಿಮ್ಮುವ ಪಂಪ್) ಹಾಕಿದರೆ ಪಾಚಿ ಎಳೆಯುತ್ತೆ, ಪೆಟ್ರೋಲ್ ಕುಡಿಯುತ್ತೆ, ಮೀನು ಓಡುತ್ತೆ. ಗಾಳ ಹಾಕುವ ಗೆಳೆಯರು ಮೂರು ವರ್ಷ ಹೇಳಿದ್ದು ಇದೇ. ಮೂರೂ ನಿಜ. ಆದರೂ ಕಳೆದ ಎರಡು ಬೇಸಿಗೆ ಜಾಲಿ ಬೊಡ್ಡೆಗಳ ಮಧ್ಯೆ ಕೆರೆಯ ಬಾಲದವರೆಗೆ ಹೋಗಿ ಬಂದದ್ದು ನನ್ನ ದೋಣಿ ಒಂದೇ. ಔಟ್‌ಬೋರ್ಡ್, ಅಂದರೆ ದೋಣಿಯ ಹಿಂದೆ ನೇತುಹಾಕುವ ಪ್ರೊಪೆಲರ್ ಎಂಜಿನ್, ತಂದವರು ಅರ್ಧ ದಾರಿಯಲ್ಲಿ ಷಿಯರ್ ಪಿನ್ (ಪ್ರೊಪೆಲರ್ ಬಡಿದರೆ ಮುರಿಯುವ ಪಿನ್) ಬದಲಾಯಿಸುತ್ತಾ ಕೂತಿದ್ದರು. ಯಾವ ಕೆರೆ ಅಂತ ಮಾತ್ರ ಕೇಳಬೇಡಿ, ತುಮಕೂರಿನಿಂದ ಗಂಟೆಯೊಳಗಿನ ದಾರಿ ಅಷ್ಟೇ.

ಮಾರ್ಕೋನಹಳ್ಳಿ ಜಲಾಶಯದ ಸೈಫನ್ (ತಾನಾಗಿ ನೀರು ಹೊರಹಾಕುವ ಕೋಡಿ) ಕಡೆಯಂಥ ಆಳದ ನೀರಿಗೆ ಜೆಟ್ ಬೇಕಾಗಿಲ್ಲ, ಅಲ್ಲಿ ಸಾದಾ ಪ್ರೊಪೆಲರೇ ಲಾಭ. ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ಜೆಟ್ ದೋಣಿ ಪಳಗಿಸಿದ್ದು ಕಲ್ಲು ತುಂಬಿದ ತೆಳು ನೀರಿನ ಹೊಳೆಗಳಿಗೆ. ನಮ್ಮಲ್ಲಿ ಆ ಲಕ್ಷಣ ಇರುವುದು ಫೆಬ್ರುವರಿಯಿಂದ ಮೇವರೆಗಿನ ಕೆರೆ ಅಂಗಳಕ್ಕೆ.

ಮೊದಲು ಅಗ್ಗದ ದಾರಿ ಹುಡುಕಿದ್ದೆ. ತೋಟದ ಎರಡು ಇಂಚಿನ ಪೆಟ್ರೋಲ್ ಪಂಪನ್ನೇ ತೆಪ್ಪಕ್ಕೆ ಕಟ್ಟಿ, ಡೆಲಿವರಿ ಪೈಪ್ ಹಿಂದಕ್ಕೆ ತಿರುಗಿಸಿದೆ. ನಿಮಿಷಕ್ಕೆ 600 ಲೀಟರ್ ಎಸೆದರೂ ತಳ್ಳುವ ಬಲ ಐದು ಕೆಜಿ ಬಂದರೆ ಹೆಚ್ಚು. ದೋಣಿಯನ್ನು ನಿಧಾನ ನಡೆಸುವ ಬ್ಯಾಟರಿಯ ಟ್ರೋಲಿಂಗ್ ಮೋಟಾರ್, 45 ಪೌಂಡ್ ಬಲದ್ದು, ಸದ್ದಿಲ್ಲದೆ 20 ಕೆಜಿ ತಳ್ಳುತ್ತದೆ. ಬಾಯಿ ಸಣ್ಣ ಮಾಡಿದರೆ ನೀರು ದೂರ ಚಿಮ್ಮುತ್ತದೆ, ದೋಣಿ ಜಗ್ಗುವುದಿಲ್ಲ. ಜೆಟ್‌ಗೆ ಬೇಕಾದದ್ದು ರಾಶಿ ನೀರು.

ಆಮೇಲೆ ಕರಾವಳಿಯಿಂದ ಗುಜರಿಗೆ ಬಂದ ವಾಟರ್ ಸ್ಕೂಟರ್ ಒಂದನ್ನು 85 ಸಾವಿರಕ್ಕೆ ತಂದೆ. 701 ಸಿಸಿ, ಎರಡು ಸಿಲಿಂಡರ್, ಟೂ-ಸ್ಟ್ರೋಕ್, 144 ಮಿ.ಮೀ. ಪಂಪ್. ‘ಎಂಜಿನ್ ಸರಿಯಾಗಿದೆ’ ಅಂದಿದ್ದ ಮಾರಿದವನು. ಬಿಚ್ಚಿದರೆ ಒಂದು ಸಿಲಿಂಡರಿನ ರಿಂಗ್ ಉಪ್ಪು ಹಿಡಿದು ಅಂಟಿಕೊಂಡಿತ್ತು. ಅದಕ್ಕೆ ಬೇರೆ 14 ಸಾವಿರ. ದೋಣಿ 14 ಅಡಿ. ತಳ 4 ಮಿ.ಮೀ., ಪಕ್ಕ 3 ಮಿ.ಮೀ. ಅಲ್ಯೂಮಿನಿಯಂ, ಸುಮಾರು 105 ಕೆಜಿ. ಹಾಳೆಗೆ 37 ಸಾವಿರ, ತುಮಕೂರಿನ ಅಂತರಸನಹಳ್ಳಿ ಕಡೆ ವೆಲ್ಡಿಂಗ್‌ಗೆ 28. ತಪ್ಪಿಗೆ ಕಳೆದುಕೊಂಡ ನಲವತ್ತು ಸಾವಿರವನ್ನೂ ಸೇರಿಸಿದರೆ ಒಟ್ಟು ಎರಡು ಲಕ್ಷ ದಾಟಿರಬೇಕು.

ಮೊದಲ ದಿನ ಎಂಜಿನ್ ಕಿರುಚಿತು, ದೋಣಿ ತೆವಳಿತು. ಪಂಪ್ ಗಾಳಿ ಕುಡಿಯುತ್ತಿತ್ತು, ಅದೂ ಎರಡು ಕಡೆಯಿಂದ. ಪಂಪಿನ ಹೀರುಬಾಯಿ ತಳಕ್ಕೆ ಕೂರುವ ಅಂಚಿನಲ್ಲಿ ಕೂದಲೆಳೆ ಸಂದಿ ಇತ್ತು; ಅದನ್ನು ಪಾಲಿಯುರಿಥೇನ್ ಸೀಲೆಂಟ್ ತುಂಬಿ ಎರಡು ದಿನ ಒಣಗಿಸಿದೆ. ಸಾದಾ ಸಿಲಿಕೋನ್ ಹಾಕಿದ್ದು ವಾರದಲ್ಲಿ ಕಿತ್ತು ಬಂತು. ಇನ್ನೊಂದು ಕಾರಣ ತಳದ ಆಕಾರ. ಪೂರ್ತಿ ಚಪ್ಪಟೆ ತಳ ಮೂತಿಯ ನೊರೆಯನ್ನೆಲ್ಲ ನೇರವಾಗಿ ಹೀರುಬಾಯಿಗೇ ತಂದು ಸುರಿಯುತ್ತದೆ. ತಳ ಕತ್ತರಿಸಿ ಎಂಟು ಡಿಗ್ರಿ ‘ವಿ’ ಕೊಡಿಸಿದೆ, ಉದ್ದಕ್ಕೆ ಹಾಕಿದ್ದ ಪಟ್ಟಿಗಳನ್ನು ಹೀರುಬಾಯಿಗೆ ಎರಡೂವರೆ ಅಡಿ ಮುಂಚೆಯೇ ನಿಲ್ಲಿಸಿದೆ. ತಿರುವಿನಲ್ಲಿ ಸಾಬೂನಿನ ಹಾಗೆ ಜಾರುತ್ತಿದ್ದದ್ದೂ ಅದರ ಜೊತೆಗೇ ನಿಂತಿತು.

ಆದರೂ ಎಂಜಿನ್ 5,200 ಆರ್‌ಪಿಎಂ ದಾಟುತ್ತಿರಲಿಲ್ಲ. ಸ್ಕೂಟರಿನ ಹಗುರ ಮೈಗೆ ಇದ್ದ ಇಂಪೆಲರ್, ಅಂದರೆ ಪಂಪಿನೊಳಗೆ ತಿರುಗುವ ರೆಕ್ಕೆಚಕ್ರ, ಈ ಭಾರಕ್ಕೆ ಗಟ್ಟಿ. ರೆಕ್ಕೆಯ ಹಿಂದಿನ ಅಂಚನ್ನು ಎರಡು ಡಿಗ್ರಿ ಬಗ್ಗಿಸಿ, ಮುಂದಿನ ಅಂಚನ್ನು ಅರದಿಂದ ಚೂಪು ಮಾಡಿದ ಮೇಲೆ 6,000ದ ಹತ್ತಿರ ಬಂತು.

ಹೆಚ್ಚು ಸಮಯ ತಿಂದದ್ದು ಪಾಚಿ. ಹೀರುಬಾಯಿಗೆ ಅಡ್ಡ ಹಾಕಿದ ಜಾಲರಿಯ ಸರಳಿನ ಸಂದಿ 12 ಮಿ.ಮೀ. ಇಟ್ಟಾಗ ನೂಲುಪಾಚಿ ಕಂಬಳಿ ಹೊದಿಸಿದ ಹಾಗೆ ಮುಚ್ಚುತ್ತಿತ್ತು. 25 ಮಾಡಿದೆ, ಜಾಲಿಕಾಯಿ, ಬೆಣಚುಕಲ್ಲು ಒಳಗೆ ಹೋಗಿ ಇಂಪೆಲರ್ ಅಂಚು ಗರಗಸವಾಯಿತು. ನಿಂತದ್ದು 17ಕ್ಕೆ. ದುಂಡು ಸರಳು ತೆಗೆದು 5 ಮಿ.ಮೀ. ಸ್ಟೀಲ್ ಪಟ್ಟಿಯನ್ನು ಚೂಪು ಅಂಚು ಕೆಳಗಾಗುವಂತೆ ನಿಲ್ಲಿಸಿದೆ. ಮುಂದಿನ ತುದಿಗೆ ಮಾತ್ರ ಅಡ್ಡಪಟ್ಟಿ. ಹಿಂದಿನ ತುದಿಗೆ ಅಡ್ಡಪಟ್ಟಿ ಇಲ್ಲ, ಪಾಚಿ ಜಾರಿ ಬೀಳಲಿ ಅಂತ. ಆ ಹಿಂದಿನ ತುದಿಗೆ ಎಷ್ಟು ಬಾಗು ಕೊಟ್ಟೆ ಅನ್ನುವುದು ನನ್ನ ಹತ್ತಿರವೇ ಇರಲಿ, ಅದಕ್ಕೇ ಆರು ಜಾಲರಿ ಹಾಳಾಗಿವೆ. ಇಡೀ ಜಾಲರಿ ಮುಂದೆ ಕೀಲಿನ ಮೇಲೆ ಕೂತಿದೆ. ಹಳೇ ಬಜಾಜ್ ಸ್ಕೂಟರಿನ ಬ್ರೇಕ್ ಪೆಡಲ್ ಒತ್ತಿದರೆ ಹಿಂದುಗಡೆ ಮೂರು ಇಂಚು ಕೆಳಗಿಳಿದು ಕಸ ಕೊಡವುತ್ತದೆ. ಒತ್ತುವ ಮೊದಲು ಥ್ರಾಟಲ್ ಬಿಡಬೇಕು, ಇಲ್ಲದಿದ್ದರೆ ಆ ಕಸವೆಲ್ಲ ಪಂಪಿನೊಳಗೇ.

ಇಷ್ಟೆಲ್ಲ ಮಾಡಿದರೂ ಅಂತರಗಂಗೆ ಕಳೆ ಮುಚ್ಚಿದ ಕೆರೆಗೆ ಇದು ಬೇಡ. ಕೋಲಾರದ ಕಡೆಯ ಅಂಥ ಒಂದು ಕೆರೆಯಲ್ಲಿ 50 ಮೀಟರ್‌ಗೆ ಮೂರು ಸಲ ಪೆಡಲ್ ತುಳಿದು ವಾಪಸ್ ಬಂದೆ. ಅಲ್ಲಿಗೆ ಗಳ, ಇಲ್ಲವೇ ಹರಿಗೋಲು.

ಮರಳು ಮಾಡಿದ ನಷ್ಟ ಸದ್ದಿಲ್ಲದ್ದು. ಇಂಪೆಲರಿಗೂ ಅದರ ಸುತ್ತಲಿನ ಬಳೆಯಾದ ವೇರ್ ರಿಂಗಿಗೂ ಸಂದಿ ಹೊಸದರಲ್ಲಿ 0.3 ಮಿ.ಮೀ. ಇತ್ತು; ಒಂದೇ ಬೇಸಿಗೆಯಲ್ಲಿ ಸಂದಿ ಅಳೆಯುವ ಫೀಲರ್ ಗೇಜ್ 0.8 ತೋರಿಸಿತು. ಓಡುವಾಗ ಗೊತ್ತಾಗುವುದಿಲ್ಲ, ನಿಂತಲ್ಲಿಂದ ಏಳುವಾಗ ದಮ್ಮು ಇರುವುದಿಲ್ಲ. ದುಡ್ಡು ಉಳಿಸಲು ನೈಲಾನ್ ರಿಂಗ್ ಲೇತ್‌ನಲ್ಲಿ ಕಡೆಸಿದ್ದು ಶುದ್ಧ ದಡ್ಡತನ. ನೈಲಾನ್ ನೀರು ಕುಡಿದು ಉಬ್ಬುತ್ತದೆ. ಮೂರನೇ ದಿನ ಇಂಪೆಲರ್ ಕಚ್ಚಿಕೊಂಡು ಸ್ಟಾರ್ಟರ್ ಸುಟ್ಟಿತು, ಒಂಬತ್ತು ಸಾವಿರ ಹೋಯಿತು. ಅಷ್ಟಾಗಿ ನೀರು ಹೀರದ ಡೆಲ್ರಿನ್ ಪ್ಲಾಸ್ಟಿಕ್‌ನಲ್ಲಿ ಮಾಡಿಸಿದ್ದು ಇವತ್ತಿಗೂ ಇದೆ.

ಮರಳು ಒಳಗೆ ಹೋಗುವುದು ಓಡುವಾಗಲ್ಲ, ನಿಂತಾಗ. ಗಳ ಹಾಕಿ ಎರಡಡಿ ನೀರಿಗೆ ತಳ್ಳಿಕೊಂಡು ಹೋಗಿ ಅಲ್ಲೇ ಎಂಜಿನ್ ಶುರು ಮಾಡಿ. ಎದ್ದು ಓಡುವಾಗ ದೋಣಿಗೆ ನಾಲ್ಕೈದು ಇಂಚು ನೀರು ಸಾಕು. ಅಲ್ಲಿ ಹೆದರಿ ಥ್ರಾಟಲ್ ಬಿಟ್ಟರೆ ಹಿಂಭಾಗ ಕುಸಿದು ಪಂಪ್ ಬುರುದೆ ಹೀರುತ್ತದೆ. ಹೊಸಬರು ಮಾಡುವ ಇನ್ನೊಂದು ತಪ್ಪು: ಎದುರಿಗೆ ಬೊಡ್ಡೆ ಕಂಡ ತಕ್ಷಣ ಥ್ರಾಟಲ್ ಬಿಡುವುದು. ನೀರು ಚಿಮ್ಮದಿದ್ದರೆ ಸ್ಟಿಯರಿಂಗೇ ಇಲ್ಲ, ದೋಣಿ ನೇರವಾಗಿ ಬೊಡ್ಡೆಗೇ. ಥ್ರಾಟಲ್ ಹಿಡಿದುಕೊಂಡೇ ತಿರುಗಿಸಿ. ನೀರು ಚಿಮ್ಮುವ ನಾಝಲ್‌ನ ಎರಡೂ ಪಕ್ಕ ಅಂಗೈ ಅಗಲದ ರೆಕ್ಕೆ ಹಾಕಿದ ಮೇಲೆ ನಿಧಾನದಲ್ಲೂ ಅಲ್ಪಸ್ವಲ್ಪ ಮಾತು ಕೇಳುತ್ತದೆ. ಹಿಂದಕ್ಕೆ ಹೋಗಲು ರಿವರ್ಸ್ ಬಕೆಟ್ ಮಾಡಿಸಿದ್ದೆ, ತೆಗೆದುಹಾಕಿದೆ. ನೀರನ್ನು ಮುಂದಕ್ಕೆ ಎಸೆದು ಕೆಸರು ಕದಡಿ ಅದನ್ನೇ ಮತ್ತೆ ಹೀರುತ್ತಿತ್ತು.

ಮನೆಗೆ ಬಂದು ಎಂಜಿನ್ನಿಗೆ ನೀರಿನ ಪೈಪ್ ಕೊಟ್ಟು ತೊಳೆಯುವಾಗ ಕ್ರಮ ಮರೆಯಬೇಡಿ: ಮೊದಲು ಎಂಜಿನ್, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು, ಆಮೇಲೆ ಎಂಜಿನ್. ತಿರುಗಾಮುರುಗಾ ಆದರೆ ಎಕ್ಸಾಸ್ಟ್ ಕಡೆಯಿಂದ ಸಿಲಿಂಡರಿಗೆ ನೀರು ನುಗ್ಗುತ್ತದೆ.

ಇನ್ನು ಗಾಳದ ವಿಷಯ. ಜೆಟ್ ಜಾಗಕ್ಕೆ ಕರೆದೊಯ್ಯುತ್ತದೆ ಅಷ್ಟೇ, ಅದರ ಮೇಲೆ ಮೀನು ಹಿಡಿಯುವ ಆಸೆ ಬಿಡಿ. ಈ ಪಂಪಿಗೆ ನ್ಯೂಟ್ರಲ್ ಇಲ್ಲ, ಎಂಜಿನ್ ಉರಿಯುತ್ತಿದ್ದರೆ ದೋಣಿ ಹೋಗುತ್ತಲೇ ಇರುತ್ತದೆ. 150 ಮೀಟರ್ ದೂರದಲ್ಲೇ ಆರಿಸಿ, ಟ್ರೋಲಿಂಗ್ ಮೋಟಾರಿನಲ್ಲಿ ಜೊಂಡಿನ ಅಂಚಿಗೆ ಹೋಗಿ ಇಪ್ಪತ್ತು ನಿಮಿಷ ಸುಮ್ಮನೆ ಕೂತರೆ ಕೊರಮೀನು ಮತ್ತೆ ಉಸಿರಿಗೆ ಮೇಲೆ ಬರುವುದು ಕಾಣುತ್ತದೆ. ಫ್ರಾಗ್ (ಕಪ್ಪೆಯಾಕಾರದ ನಕಲಿ ಮೇವು) ಎಸೆಯುವುದು ಆಗ. ದಾರ ಸಿಕ್ಕಿಕೊಳ್ಳಲು ಹಿಂದೆ ಪ್ರೊಪೆಲರ್ ಇಲ್ಲ, ಮೀನು ದೋಣಿಯಡಿ ನುಗ್ಗಿದರೂ ತೊಂದರೆ ಇಲ್ಲ. ಆದರೆ ಎಂಜಿನ್ ಶುರು ಮಾಡುವ ಮೊದಲು ನೀರಲ್ಲಿರುವ ದಾರ, ಮೀನಿನ ಬಲೆಚೀಲದ ಹಗ್ಗ ಎಲ್ಲ ಎಣಿಸಿ ಒಳಗೆ ಎಳೆದುಕೊಳ್ಳಿ. ಒಮ್ಮೆ ನಾಲ್ಕು ಮೀಟರ್ ಬ್ರೇಡ್ (ಹೆಣೆದ ಗಾಳದ ದಾರ) ಶಾಫ್ಟಿಗೆ ಸುತ್ತಿ ಸೀಲ್ ಕತ್ತರಿಸಿತ್ತು. ಪಂಪ್ ಬಿಚ್ಚಿ ಜೋಡಿಸಲು ಇಡೀ ಭಾನುವಾರ ಬೇಕಾಯಿತು.

ಕಟ್ಲಾ, ರೋಹುಗೆ ಮೇವು ಹಾಕಿ ಕೂರುವವರಿಗೆ ಇದು ಆಗಿಬರುವುದಿಲ್ಲ. ಇಬ್ಬರು, 20 ಲೀಟರ್ ಪೆಟ್ರೋಲ್, ಸಾಮಾನು ಇದ್ದಾಗ ಗಂಟೆಗೆ 40 ಕಿ.ಮೀ. ಆಸುಪಾಸು ಓಡುವ ದೋಣಿ, ಮೂರನೆಯವರು ಹತ್ತಿ 25 ಕೆಜಿ ಕಡಲೆಕಾಯಿ ಹಿಂಡಿ, ತೌಡಿನ ಚೀಲ ಇಟ್ಟರೆ ನೀರಿನಿಂದ ಮೇಲೇಳುವುದೇ ಇಲ್ಲ. ಎಳೆದಾಡುತ್ತಾ ಪೆಟ್ರೋಲ್ ಮಾತ್ರ ಕುಡಿಯುತ್ತದೆ. ಮಾಮೂಲಿ ಓಟಕ್ಕೇ ಗಂಟೆಗೆ 14-15 ಲೀಟರ್, ಪೂರ್ತಿ ಥ್ರಾಟಲ್‌ಗೆ 25 ದಾಟುತ್ತದೆ. ಹೋಗಿ ಬರುವುದು ಸೇರಿ ನಲವತ್ತು ನಿಮಿಷ ಓಡಿಸುವ ನನಗೆ ದಿನಕ್ಕೆ ಹತ್ತು ಲೀಟರ್, ಸಾವಿರ ರೂಪಾಯಿ. 15 ಎಚ್‌ಪಿ ಔಟ್‌ಬೋರ್ಡಿಗೆ ಇದರ ಅರ್ಧಕ್ಕಿಂತ ಕಡಿಮೆ ಸಾಕು.

ಕೆರೆ ಟೆಂಡರ್ ಹಿಡಿದವರ ಒಪ್ಪಿಗೆ, ದೋಣಿಯ ಪರವಾನಗಿ ಮೊದಲೇ ಮಾಡಿಕೊಳ್ಳಿ. ಊರಿಗೆ ಕುಡಿಯುವ ನೀರು ಹೋಗುವ ಬುಗುಡನಹಳ್ಳಿಯಂಥ ಕಡೆ ಟೂ-ಸ್ಟ್ರೋಕ್ ಇಳಿಸಲೇಬೇಡಿ, ಎಕ್ಸಾಸ್ಟಿನ ಎಣ್ಣೆ ನೀರಿಗೇ ಹೋಗುತ್ತದೆ. ಸದ್ದು ಇನ್ನೂ ನನ್ನ ಹಿಡಿತಕ್ಕೆ ಬಂದಿಲ್ಲ. ಎಕ್ಸಾಸ್ಟಿಗೆ ಇನ್ನೊಂದು ನೀರಿನ ಡಬ್ಬಿ ಬೆಸೆದು ಇಟ್ಟಿದ್ದೇನೆ, ಎಂಜಿನ್ನಿನ ದಮ್ಮು ಎಷ್ಟು ತಿನ್ನುತ್ತೆ ಅಂತ ಮುಂದಿನ ಬೇಸಿಗೆಗೆ ನೋಡಬೇಕು.