ಮನೆತನದ ಗುಟ್ಟಿನ ಥ್ರಿಲ್ಲರ್ ಬರೆಯುವಾಗ ಗುಟ್ಟನ್ನು ಹೆಣೆಯುವ ಬಗೆ
ಮೊದಲ ಅಧ್ಯಾಯಕ್ಕೆ ಕೈ ಹಾಕುವ ಮುನ್ನ ಗುಟ್ಟನ್ನು ಒಂದೇ ವಾಕ್ಯದಲ್ಲಿ ಬರೆದಿಡಿ: ಯಾರು, ಏನು ಮಾಡಿದರು, ಯಾವ ವರ್ಷ. ಆಮೇಲೆ ಮನೆಯ ಪ್ರತಿಯೊಬ್ಬರಿಗೂ ಅದು ಎಷ್ಟು ಗೊತ್ತು, ಎಷ್ಟು ತಪ್ಪಾಗಿ ಗೊತ್ತು, ಬಾಯಿ ಬಿಟ್ಟರೆ ಏನು ಕಳೆದುಕೊಳ್ಳುತ್ತಾರೆ ಎಂದು ಪಟ್ಟಿ ಮಾಡಿ. ಈ ಮೂರನೆಯದೇ ಪಾತ್ರದ ಜೀವಾಳ. ಕಳೆದುಕೊಳ್ಳಲು ಏನೂ ಇಲ್ಲದವರು ಸುಮ್ಮನಿದ್ದರೆ ಓದುಗರು ನಂಬುವುದಿಲ್ಲ. ಘಟನೆ ನಡೆದಾಗ ಯಾರಿಗೆ ಎಷ್ಟು ವಯಸ್ಸು ಎಂಬುದನ್ನೂ ಬರೆಯಿರಿ, ಎಡವುವುದು ಹೆಚ್ಚಾಗಿ ಇಲ್ಲೇ.

ಸುಳಿವನ್ನು ಕನಿಷ್ಠ 3 ಕಡೆ ಬಿತ್ತಿ, ಮೊದಲನೆಯದು ಆರಂಭದ ಕಾಲು ಭಾಗದೊಳಗೇ ಇರಲಿ. ಪ್ಯಾರಾದ ಕೊನೆಯಲ್ಲಿಟ್ಟರೆ ಕಣ್ಣಿಗೆ ಹೊಡೆಯುತ್ತದೆ. ಯಾವುದೋ ಜಗಳದ ನಡುವೆ ಅಡಗಿಸಿ. ನಿರೂಪಕಿಗೇ ಗುಟ್ಟು ಗೊತ್ತಿದ್ದರೆ ಅವಳು ಸುಳ್ಳು ಹೇಳುವುದು ಬೇಡ, ಆ ನೆನಪು ಹತ್ತಿರ ಬಂದಾಗಲೆಲ್ಲ ಮಾತು ಬದಲಿಸಲಿ.